ದೇವರಾಜ ಅರಸು: ಭೂಸುಧಾರಣೆ ಮತ್ತು ಭೂಮಿ ಕಳೆದುಕೊಂಡವರು

ದೇವರಾಜ ಅರಸು (1915-1982) ಅವರನ್ನು ಕುರಿತ ಬರಹಗಳು ಬಹುತೇಕ ಭೂಮಿ ಪಡೆದವರ ಕಡೆಯಿಂದ ಹುಟ್ಟಿದವು. ಇದು ಸಹಜವೂ ನ್ಯಾಯವೂ ಆದುದು. ಆದರೆ ಒಂದು ಸುಧಾರಣೆಯಿಂದ ನಷ್ಟಕ್ಕೊಳಗಾದವರನ್ನು ಆ ಸರ್ಕಾರ ಹೇಗೆ ನಡೆಸಿಕೊಂಡಿತು ಎಂಬ ಪ್ರಶ್ನೆಯನ್ನು ಕೇಳದೆ ಅದರ ಕರ್ತೃವಿನ ಜೀವನಚಿತ್ರ ಪೂರ್ಣವಾಗದು. ಪ್ರಸ್ತುತ ಲೇಖನದ ಉದ್ದೇಶ ಇಷ್ಟೇ.

ಅರಸು ಅವರು ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಕುಟುಂಬಕ್ಕೆ ಸೇರಿದವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನ ಪದವಿ ಪಡೆದು ಊರಿಗೆ ಮರಳಿ ಬೇಸಾಯಕ್ಕೆ ನಿಂತರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೂ 1952ರಲ್ಲಿ ಹುಣಸೂರಿನಿಂದ ವಿಧಾನಸಭೆಗೂ ಆಯ್ಕೆಯಾದರು. ರಾಜಮನೆತನದ ನಂಟಿನ ಹೆಸರಿದ್ದರೂ ಅವರ ಸಮುದಾಯ ಸಂಖ್ಯೆಯಲ್ಲಿ ಅತ್ಯಲ್ಪ. ಪ್ರಬಲ ಜಾತಿಗಳ ಬೆಂಬಲವನ್ನೇ ನೆಚ್ಚಿ ಕೂರುವ ರಾಜಕಾರಣ ಅವರಿಗೆ ಸಾಧ್ಯವಿರಲಿಲ್ಲ. 1969ರ ಕಾಂಗ್ರೆಸ್ ಒಡಕಿನಲ್ಲಿ ಇಂದಿರಾ ಗಾಂಧಿಯವರ ಪಕ್ಷದಲ್ಲಿ ಉಳಿದ ಅವರು 1972ರ ಚುನಾವಣೆಯಲ್ಲಿ ಸ್ವತಃ ಸ್ಪರ್ಧಿಸದೆಯೇ ಮಾರ್ಚ್ 20ರಂದು ಮುಖ್ಯಮಂತ್ರಿಯಾದರು.

ಅವರ ಮುಂದೆ 1961ರ ಭೂಸುಧಾರಣಾ ಕಾಯಿದೆ ಇತ್ತು. ಅದು ಜಾರಿಗೆ ಬಂದುದೇ 1965ರ ಅಕ್ಟೋಬರ್ 2ರಂದು. ಸ್ವಂತ ಸಾಗುವಳಿಗೆಂದು ಒಡೆಯರು ಗೇಣಿದಾರರಿಂದ ಭೂಮಿಯನ್ನು ಹಿಂಪಡೆಯಲು ಅದರಲ್ಲಿ ಅವಕಾಶವಿತ್ತು. ವಿಧವೆಯರು, ಅಪ್ರಾಪ್ತ ವಯಸ್ಕರು, ಅಂಗವಿಕಲರು ತಮ್ಮ ಭೂಮಿಯನ್ನು ಗೇಣಿಗೆ ಕೊಡಲು ವಿನಾಯಿತಿಯೂ ಇತ್ತು. ದುರ್ಬಲರ ಮೇಲಿನ ಈ ಕನಿಕರ ಮೇಲ್ನೋಟಕ್ಕೆ ಒಪ್ಪತಕ್ಕದ್ದೇ. ಆದರೆ ಮನೆಯ ವಿಧವೆಯ ಅಥವಾ ಮಗುವಿನ ಹೆಸರಿನಲ್ಲಿ ಗೇಣಿಯನ್ನು ಮುಂದುವರಿಸುವ ದಾರಿ ಬಲ್ಲಿದರಿಗೂ ಅಲ್ಲಿಯೇ ತೆರೆದಿತ್ತು. ತಕರಾರುಗಳು ಮುನ್ಸಿಫ್ ನ್ಯಾಯಾಲಯಗಳಿಗೆ ಹೋಗುತ್ತಿದ್ದವು. ಅಲ್ಲಿ ವಕೀಲರನ್ನು ಇಡಬಲ್ಲವನು ಒಡೆಯನೇ ಹೊರತು ಗೇಣಿದಾರನಲ್ಲ.

1974ರ ಮಾರ್ಚ್ 1ರಂದು ಜಾರಿಗೆ ಬಂದ ತಿದ್ದುಪಡಿ ಈ ಬಾಗಿಲುಗಳನ್ನು ಮುಚ್ಚಿತು. ಗೇಣಿಯಲ್ಲಿದ್ದ ಭೂಮಿಯೆಲ್ಲ ಅಂದೇ ಸರ್ಕಾರದ ವಶವಾಯಿತು. ವಿನಾಯಿತಿ ಉಳಿದುದು ಸೈನಿಕರಿಗೆ ಮತ್ತು ನಾವಿಕರಿಗೆ ಮಾತ್ರ. ಇಲ್ಲಿ ಒಡೆತನದ ಗಾತ್ರ ಮುಖ್ಯವಾಗಲಿಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ನೂರಾರು ಎಕರೆಯ ಜಮೀನ್ದಾರನೂ, ಎರಡು ಎಕರೆ ಗದ್ದೆಯನ್ನು ಗೇಣಿಗೆ ಕೊಟ್ಟು ಬಂದ ಅಕ್ಕಿಯಲ್ಲಿ ಜೀವನ ಸಾಗಿಸುತ್ತಿದ್ದ ವಿಧವೆಯೂ ಕಾನೂನಿನ ಕಣ್ಣಿಗೆ ಒಂದೇ ಆದರು. ಗೇಣಿ ಪದ್ಧತಿ ಅತ್ಯಂತ ದಟ್ಟವಾಗಿದ್ದ ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳಲ್ಲಿ ಇದರ ಪೆಟ್ಟು ಹೆಚ್ಚು. ಇದೇ ಕಾಯಿದೆ ಕಾಫಿ, ಟೀ, ರಬ್ಬರ್ ತೋಟಗಳನ್ನು ಮುಟ್ಟಲಿಲ್ಲ. ಸಣ್ಣ ಗದ್ದೆಯ ಒಡತಿಗೆ ಸಿಗದ ರಕ್ಷಣೆ ದೊಡ್ಡ ತೋಟದ ಒಡೆಯನಿಗೆ ಸಿಕ್ಕಿದ್ದನ್ನು ಸಮಾನತೆಯ ತತ್ತ್ವದಿಂದ ಸಮರ್ಥಿಸುವುದು ಕಷ್ಟ.

ನಷ್ಟಕ್ಕೆ ಪರಿಹಾರವಿತ್ತು. ಅದರ ಆಧಾರ ಮಾರುಕಟ್ಟೆ ಬೆಲೆಯಲ್ಲ, ಭೂಮಿಯ ವಾರ್ಷಿಕ ನಿವ್ವಳ ಆದಾಯ. ದೊಡ್ಡ ಮೊತ್ತಗಳಲ್ಲಿ ಒಂದು ಭಾಗ ಮಾತ್ರ ನಗದು, ಉಳಿದುದು ದೀರ್ಘಾವಧಿಯ ಬಾಂಡು. ಬೆಲೆ ಏರುತ್ತಿದ್ದ ಆ ದಶಕದಲ್ಲಿ ಬಾಂಡಿನ ಹಣ ಕೈಸೇರುವಷ್ಟರಲ್ಲಿ ಅದರ ಸತ್ವ ಕರಗಿರುತ್ತಿತ್ತು. ದೇವಾಲಯಗಳಿಗೆ ವರ್ಷಾಶನ ಗೊತ್ತುಪಡಿಸಲಾಯಿತು. ಗೇಣಿ ಅಕ್ಕಿಯಿಂದ ನಡೆಯುತ್ತಿದ್ದ ನಿತ್ಯಪೂಜೆ ಸರ್ಕಾರದ ಹಣಕ್ಕೆ ಕಾಯುವಂತಾಯಿತು. ಆದರೂ ಇವರಿಗೆ ಏನಾದರೂ ದೊರೆಯಿತು ಎನ್ನಬೇಕು. 1976ರ ಋಣಪರಿಹಾರ ಕಾಯಿದೆ ಬಡವರ ಸಾಲವನ್ನು ತೊಡೆದುಹಾಕಿದಾಗ ಸಾಲ ಕೊಟ್ಟವರಿಗೆ ದಕ್ಕಿದ್ದು ಏನೂ ಇಲ್ಲ.

ಅಹವಾಲಿನ ದಾರಿಯೂ ಕಿರಿದಾಗಿತ್ತು. ಅಸಿಸ್ಟೆಂಟ್ ಕಮಿಷನರರ ಅಧ್ಯಕ್ಷತೆಯ ಭೂನ್ಯಾಯಮಂಡಳಿಗಳಲ್ಲಿ ಉಳಿದ ನಾಲ್ವರು ಸರ್ಕಾರದಿಂದ ನೇಮಕಗೊಂಡವರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕಿತ್ತು. ವಕೀಲರಿಗೆ ಪ್ರವೇಶವಿಲ್ಲ, ಮೇಲ್ಮನವಿಯಿಲ್ಲ. ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವುದೊಂದೇ ಉಳಿದ ಮಾರ್ಗ. ತಿದ್ದುಪಡಿಯನ್ನು ಸಂವಿಧಾನದ ಒಂಬತ್ತನೆಯ ಅನುಸೂಚಿಗೂ ಸೇರಿಸಲಾಯಿತು. ಗೇಣಿದಾರನನ್ನು ಗೆಲ್ಲಿಸಿದ್ದು ಈ ವ್ಯವಸ್ಥೆಯೇ. ಗೇಣಿದಾರರಿಗೆ ಅರ್ಜಿ ಸಲ್ಲಿಸಲು ಕೊನೆಯ ದಿನವಾಗಿದ್ದ 1979ರ ಜೂನ್ 30ರ ವೇಳೆಗೆ ಬಂದ ಸುಮಾರು 8 ಲಕ್ಷ ಅರ್ಜಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಂದೆ ಅವರ ಪರವಾಗಿ ತೀರ್ಮಾನವಾದವು. ಸಣ್ಣ ಒಡೆಯನ ಮಾತನ್ನು ಬೇರೆಯಾಗಿ ಕೇಳುವ ಸ್ಥಳ ಇಲ್ಲದಂತೆ ಮಾಡಿದ್ದೂ ಇದೇ ವ್ಯವಸ್ಥೆ.

ಅರಸು ಅವರು ಇದನ್ನು ಅರಿಯದೆ ಮಾಡಿದರೆಂದು ನಂಬುವುದು ಕಷ್ಟ. ಹಳ್ಳಿಯ ಬೇಸಾಯದ ಮನೆಯಿಂದ ಬಂದವರಿಗೆ ಗೇಣಿ ಅಕ್ಕಿಯ ಮೇಲೆ ನಿಂತ ಬಡ ಒಡೆಯನ ಸ್ಥಿತಿ ಅಪರಿಚಿತವಾಗಿರಲಾರದು. ವಿನಾಯಿತಿಯ ಒಂದು ಬಿರುಕನ್ನು ಬಿಟ್ಟರೂ 1961ರ ಕಥೆ ಮರುಕಳಿಸುತ್ತದೆ ಎಂಬ ಲೆಕ್ಕಾಚಾರ ಕಾಯಿದೆಯ ರಚನೆಯಲ್ಲಿಯೇ ಕಾಣುತ್ತದೆ. ಆ ಲೆಕ್ಕ ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ವಿನಾಯಿತಿ ನಿರಾಕರಿಸುವುದು ಬೇರೆ, ನಗದು ನೆರವಿನಲ್ಲಿ ಜಿಪುಣತನ ತೋರುವುದು ಬೇರೆ. ಎರಡೆಕರೆಯ ಒಡತಿಗೆ ಹೆಚ್ಚು ಹಣ ಕೊಟ್ಟಿದ್ದರೆ ಯಾವ ಗೇಣಿದಾರನ ಹಕ್ಕೂ ಕುಗ್ಗುತ್ತಿರಲಿಲ್ಲ.

ಮುಂದಿನ ರಾಜಕೀಯ ಇಳಿಮುಖದ್ದು. 1977ರ ಡಿಸೆಂಬರ್ 31ರಂದು ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂತು. 1978ರ ಫೆಬ್ರವರಿಯಲ್ಲಿ ಗೆದ್ದು ಮತ್ತೆ ಮುಖ್ಯಮಂತ್ರಿಯಾದ ಅರಸು, 1979ರಲ್ಲಿ ಇಂದಿರಾ ಅವರಿಂದ ಬೇರೆಯಾಗಿ 1980ರ ಜನವರಿಯಲ್ಲಿ ಅಧಿಕಾರ ತೊರೆದರು. 1982ರ ಜೂನ್ 6ರಂದು ತೀರಿಕೊಂಡರು. ಭೂನ್ಯಾಯಮಂಡಳಿಗಳ ತೀರ್ಪಿನ ವಿರುದ್ಧ ಮೇಲ್ಮನವಿ ಪ್ರಾಧಿಕಾರ ಬಂದುದು 1986ರ ತಿದ್ದುಪಡಿಯಿಂದ. 1990ರಲ್ಲಿ ಅದೂ ರದ್ದಾಗಿ, ಬಾಕಿ ಉಳಿದವರು ಮತ್ತೆ ಹೈಕೋರ್ಟಿನ ಬಾಗಿಲಿಗೇ ಹೋಗಬೇಕಾಯಿತು.