ದಕ್ಷಿಣ ಧ್ರುವದ ದಾರಿಯಲ್ಲಿ ಸ್ಕಾಟ್

ಭೂಮಂಡಲದ ದಕ್ಷಿಣದ ತುದಿಯಲ್ಲಿ ಅಂಟಾರ್ಕ್ಟಿಕಾ ಎಂಬ ಖಂಡವಿದೆ. ಅದರ ವಿಸ್ತಾರ ಸುಮಾರು 1 ಕೋಟಿ 40 ಲಕ್ಷ ಚದರ ಕಿಲೋಮೀಟರು. ಭಾರತದಂಥ ನಾಲ್ಕು ದೇಶಗಳನ್ನು ಅದರಲ್ಲಿ ಹಾಸಿದರೂ ಇನ್ನಷ್ಟು ಸ್ಥಳ ಮಿಗುತ್ತದೆ. ಅಲ್ಲಿನ ನೆಲದಲ್ಲಿ ನೂರಕ್ಕೆ ತೊಂಬತ್ತೆಂಟು ಪಾಲು ಹಿಮದ ಅಡಿಯಲ್ಲಿ ಹುದುಗಿದೆ. ಆ ಹಿಮದ ದಪ್ಪ ಸರಾಸರಿ ಎರಡು ಕಿಲೋಮೀಟರು. ವೈಶಾಖದ ಬಿಸಿಲಿನಲ್ಲಿ ನಲವತ್ತು ಡಿಗ್ರಿ ದಾಟುವ ಸಿಂಧನೂರಿನಲ್ಲಿ ಬೆಳೆದವರಿಗೆ ಅಲ್ಲಿಯ ಚಳಿಯನ್ನು ಊಹಿಸುವುದೂ ಕಷ್ಟ. ಆ ಖಂಡದ ವೋಸ್ಟೋಕ್ ಎಂಬಲ್ಲಿ 1983ರ ಜುಲೈ ತಿಂಗಳಲ್ಲಿ ಉಷ್ಣತೆಯು ಸೊನ್ನೆಗಿಂತ 89.2 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿದಿತ್ತು. ಇಷ್ಟೊಂದು ನೀರು ಹೆಪ್ಪುಗಟ್ಟಿ ನಿಂತಿದ್ದರೂ ಅದು ಮರುಭೂಮಿಯೇ. ಮುಗಿಲು ನೋಡುತ್ತ ಕುಳಿತಿರುವ ಲಿಂಗಸುಗೂರು, ಮಸ್ಕಿಗಳ ಎರೆಹೊಲಗಳಲ್ಲಿ ಸುರಿಯುವ ಮಳೆಯ ಹತ್ತರಲ್ಲೊಂದು ಪಾಲು ಹಿಮವಾಗಿ ಆ ಖಂಡದ ಒಳನಾಡಿನಲ್ಲಿ ಬಿದ್ದರೆ ಅದೇ ಹೆಚ್ಚು.

ಇಂಥ ನೆಲದಲ್ಲಿ ಎರಡು ಸಲ ಕಾಲಿಟ್ಟು, ಎರಡನೆಯ ಸಲ ಅಲ್ಲಿಯೇ ಉಳಿದುಬಿಟ್ಟವನು ರಾಬರ್ಟ್ ಫಾಲ್ಕನ್ ಸ್ಕಾಟ್.

ಸ್ಕಾಟನು 1868ರ ಜೂನ್ 6ರಂದು ಇಂಗ್ಲೆಂಡಿನ ಡೆವನ್‌ಪೋರ್ಟ್ ಎಂಬ ಬಂದರಿನಲ್ಲಿ ಜನಿಸಿದನು. ಹದಿಮೂರನೆಯ ವಯಸ್ಸಿನಲ್ಲಿಯೇ ನೌಕಾಪಡೆಯ ತರಬೇತಿಗೆ ಸೇರಿದನು. ತಂದೆ ಇದ್ದ ಹಣವನ್ನೆಲ್ಲ ಕಳೆದುಕೊಂಡು 1897ರಲ್ಲಿ ತೀರಿಕೊಂಡನು. ಮರುವರ್ಷವೇ ತಮ್ಮನೂ ಮಡಿದನು. ತಾಯಿ ಮತ್ತು ಸೋದರಿಯರ ಭಾರ ಸ್ಕಾಟನ ಹೆಗಲಿಗೆ ಬಿದ್ದಿತು. ಧ್ರುವಪ್ರದೇಶದ ಹಂಬಲವು ಅವನಿಗೆ ಮೊದಲಿನಿಂದ ಇದ್ದುದಲ್ಲ. ಸಂಬಳ ಹೆಚ್ಚಬೇಕಿತ್ತು, ಪದವಿ ಏರಬೇಕಿತ್ತು. 1899ರಲ್ಲಿ, ಹಿಂದೆ ಸಿಂಕೋನಾ ಗಿಡಗಳನ್ನು ನೀಲಗಿರಿಗೆ ತರಿಸಿದ್ದ ಕ್ಲೆಮೆಂಟ್ಸ್ ಮಾರ್ಕಮ್ ಎಂಬ ಹಿರಿಯನು ಅಂಟಾರ್ಕ್ಟಿಕಾ ಯಾತ್ರೆಯೊಂದನ್ನು ಏರ್ಪಡಿಸುತ್ತಿರುವ ಸುದ್ದಿ ತಿಳಿದು, ಅದರ ನಾಯಕತ್ವಕ್ಕೆ ಅರ್ಜಿ ಹಾಕಿದನು. ದೊಡ್ಡ ಸಾಹಸಗಳ ಬೇರು ಹಲವು ವೇಳೆ ಇಂಥ ಮನೆಯ ತಾಪತ್ರಯದಲ್ಲಿಯೇ ಇರುತ್ತದೆ.

‘ಡಿಸ್ಕವರಿ’ ಹಡಗಿನ ಆ ಮೊದಲ ಯಾತ್ರೆ 1901ರಿಂದ 1904ರವರೆಗೆ ನಡೆಯಿತು. ಸ್ಕಾಟ್, ವೈದ್ಯನೂ ಚಿತ್ರಕಾರನೂ ಆದ ಎಡ್ವರ್ಡ್ ವಿಲ್ಸನ್ ಮತ್ತು ಶ್ಯಾಕಲ್ಟನ್, ಈ ಮೂವರು 1902ರ ಕೊನೆಯಲ್ಲಿ ಅಂದಿನವರೆಗೆ ಯಾರೂ ಹೋಗದಷ್ಟು ದಕ್ಷಿಣಕ್ಕೆ ಹೋಗಿ, ಸ್ಕರ್ವಿ ರೋಗದಿಂದ ನರಳುತ್ತ ಹಿಂದಿರುಗಿದರು. ಅಷ್ಟರಲ್ಲಿ ಹಿಮವು ಸ್ಕಾಟನ ಮನಸ್ಸನ್ನು ಹಿಡಿದಿತ್ತು.

1910ರ ಜೂನ್‌ನಲ್ಲಿ ‘ಟೆರಾ ನೋವಾ’ ಹಡಗಿನಲ್ಲಿ ಅವನ ಎರಡನೆಯ ಯಾತ್ರೆ ಹೊರಟಿತು. ಈ ದಂಡಿಗೂ ಭಾರತಕ್ಕೂ ಹಲವು ಎಳೆಗಳ ನಂಟಿತ್ತು. ಕುದುರೆಗಳ ಹೊಣೆ ಹೊತ್ತ ಓಟ್ಸ್, ಮಹೂ ದಂಡಿನಲ್ಲಿದ್ದ ಅಶ್ವದಳದ ಅಧಿಕಾರಿ. ಕುಳ್ಳನಾದರೂ ಉಕ್ಕಿನಂಥ ಮೈಯ ಬೋವರ್ಸ್, ಭಾರತದ ನೌಕಾಸೇವೆಯವನು. ಗಾಳಿ, ಚಳಿಗಳ ಲೆಕ್ಕವಿಡುತ್ತಿದ್ದ ಸಿಂಪ್ಸನ್, ಸಿಮ್ಲಾದ ಹವಾಮಾನ ಇಲಾಖೆಯವನು. ಮೆಲ್ಬೋರ್ನ್ ಬಂದರಿನಲ್ಲಿ ಒಂದು ತಂತಿ ಸ್ಕಾಟನಿಗಾಗಿ ಕಾದಿತ್ತು. ನಾರ್ವೆ ದೇಶದ ಅಮುಂಡ್ಸೆನ್ ಕೂಡ ದಕ್ಷಿಣಕ್ಕೆ ಹೊರಟಿರುವನೆಂಬ ಸುದ್ದಿ ಅದರಲ್ಲಿತ್ತು. ವಿಜ್ಞಾನದ ಯಾತ್ರೆ ಒಮ್ಮೆಗೇ ಪಂದ್ಯವಾಯಿತು.

ಮೊದಲ ಬೇಸಗೆಯಲ್ಲಿ ಹಿಂದಿರುಗುವ ದಾರಿಗೆಂದು ಆಹಾರ, ಎಣ್ಣೆಗಳ ದೊಡ್ಡ ದಾಸ್ತಾನೊಂದನ್ನು 80ನೆಯ ಅಕ್ಷಾಂಶದಲ್ಲಿ ಇಡಬೇಕೆಂಬುದು ಸ್ಕಾಟನ ಯೋಜನೆಯಾಗಿತ್ತು. ತಟ್ಟುಗಳು ಬಳಲಿದವು. ಅವು ಸತ್ತರೂ ಸರಿ, ಮುಂದೆ ನಡೆಸೋಣವೆಂದು ಓಟ್ಸನು ಹೇಳಿದನು. ಪ್ರಾಣಿಗಳ ಹಿಂಸೆಯನ್ನು ನೋಡಲಾರದ ಸ್ಕಾಟನು ಒಪ್ಪಲಿಲ್ಲ. ದಾಸ್ತಾನು ಐವತ್ತಕ್ಕೂ ಹೆಚ್ಚು ಕಿಲೋಮೀಟರು ಈಚೆಗೇ ನಿಂತಿತು. ಆ ಕರುಣೆಗೆ ಎಷ್ಟು ಬೆಲೆ ತೆರಬೇಕಾದೀತೆಂದು ಅಂದು ಯಾರಿಗೂ ತಿಳಿಯಲಿಲ್ಲ.

1911ರ ನವೆಂಬರ್ 1ರಂದು ಸ್ಕಾಟನು ಧ್ರುವದ ಕಡೆಗೆ ಹೊರಟನು. ಮೋಟಾರು ಜಾರುಬಂಡಿಗಳು ಬೇಗನೆ ಕೆಟ್ಟವು. ಬಿಯರ್ಡ್‌ಮೋರ್ ಹಿಮನದಿಯ ಬುಡದಲ್ಲಿ ಉಳಿದ ತಟ್ಟುಗಳನ್ನು ಕೊಲ್ಲಬೇಕಾಯಿತು. ಅಲ್ಲಿಂದ ಮುಂದೆ ಬಂಡಿಗೆ ಹೆಗಲು ಕೊಟ್ಟವರು ಮನುಷ್ಯರೇ. ಕೊನೆಯ ಹಂತಕ್ಕೆ ಸ್ಕಾಟನು ನಾಲ್ವರ ಬದಲು ಐವರನ್ನು ಆರಿಸಿದನು: ತಾನು, ವಿಲ್ಸನ್, ಬೋವರ್ಸ್, ಓಟ್ಸ್ ಮತ್ತು ನಾವಿಕ ಎಡ್ಗರ್ ಇವಾನ್ಸ್. ನಾಲ್ವರಿಗೆಂದು ಕಟ್ಟಿದ ಬುತ್ತಿಯನ್ನು ಐವರು ಹಂಚಿಕೊಳ್ಳಬೇಕಾಯಿತು. ಇದು ಅವನ ದೊಡ್ಡ ತಪ್ಪು ಎನ್ನದೆ ವಿಧಿಯಿಲ್ಲ.

1912ರ ಜನವರಿ 17ರಂದು ಅವರು ಧ್ರುವವನ್ನು ಮುಟ್ಟಿದರು. ಅಲ್ಲಿ ನಾರ್ವೆಯ ಗುಡಾರವೂ ಧ್ವಜವೂ ಕಂಡವು. ಅಮುಂಡ್ಸೆನ್ನನು ಡಿಸೆಂಬರ್ 14ರಂದೇ ಬಂದು ಹೋಗಿದ್ದನು. ನಾಯಿಗಳನ್ನೂ ಸ್ಕೀಗಳನ್ನೂ ಚೆನ್ನಾಗಿ ಬಲ್ಲವನ ಗೆಲುವು ಅದು, ಅದೃಷ್ಟದ್ದೆಂದು ಹೇಳುವಂತಿಲ್ಲ.

ಸೋತ ಐವರ ಮುಂದೆ ಇನ್ನೂ 1,300 ಕಿಲೋಮೀಟರು ದಾರಿಯಿತ್ತು. ಫೆಬ್ರವರಿ 8ರಂದು ಬಕ್ಲಿ ಬೆಟ್ಟದ ಬುಡದಲ್ಲಿ ಗಾಳಿ ತಗ್ಗಿತು. ಹಿಮವಿಲ್ಲದ ಬಂಡೆಗಳು ಕಂಡವು. ಹಸಿದು ಬಳಲಿದ ಆ ಮನುಷ್ಯರು ಅಲ್ಲಿ ನಿಂತು ಕಲ್ಲುಗಳನ್ನು ಆರಿಸಿದರು! ವಿಲ್ಸನ್ನನು ಹುಡುಕಿ ತೆಗೆದ ಕಲ್ಲುಗಳಲ್ಲಿ ಎಲೆಗಳ ಅಚ್ಚುಗಳಿದ್ದವು. ಸುಮಾರು 16 ಕಿಲೋಗ್ರಾಂ ಕಲ್ಲುಗಳು ಬಂಡಿಯನ್ನೇರಿದವು.

ಆ ಬಳಿಕ ಕಷ್ಟಗಳು ಒಂದರ ಹಿಂದೊಂದು ಬಂದವು. ಫೆಬ್ರವರಿ 17ರಂದು ಹಿಮನದಿಯ ಬುಡದಲ್ಲಿ ಇವಾನ್ಸನು ತೀರಿಕೊಂಡನು. ದಾಸ್ತಾನುಗಳಲ್ಲಿ ಇಟ್ಟಿದ್ದ ಸೀಮೆಎಣ್ಣೆಯು ಡಬ್ಬಿಗಳಿಂದ ಆವಿಯಾಗಿ ಹೋಗಿತ್ತು. ಎಣ್ಣೆಯಿಲ್ಲದಿದ್ದರೆ ಬಿಸಿ ಅನ್ನವಿರಲಿ, ಕುಡಿಯಲು ನೀರೂ ಇಲ್ಲ. ಹಿಮವನ್ನು ಕರಗಿಸಲು ಬೆಂಕಿ ಬೇಕು. ಓಟ್ಸನ ಕಾಲುಗಳು ಹಿಮದಿಂದ ಕೊಳೆತವು. ತನ್ನಿಂದ ಉಳಿದವರ ನಡಿಗೆ ನಿಧಾನವಾಗುತ್ತಿದೆ ಎಂದು ಅರಿತ ಅವನು ಮಾರ್ಚ್ ಮಧ್ಯದ ಒಂದು ಮುಂಜಾನೆ ಗುಡಾರದಿಂದ ಹೊರಬಿದ್ದು ಹಿಮದ ಬಿರುಗಾಳಿಯೊಳಗೆ ನಡೆದುಹೋದನು. ಉಳಿದ ಮೂವರು ದೊಡ್ಡ ದಾಸ್ತಾನಿಗೆ ಇಪ್ಪತ್ತು ಕಿಲೋಮೀಟರು ಇರುವಾಗ ಬಿರುಗಾಳಿಗೆ ಸಿಕ್ಕಿ ನಿಂತರು. ಅದು ಮೊದಲು ಎಣಿಸಿದ್ದ ಸ್ಥಳದಲ್ಲಿಯೇ ಇದ್ದಿದ್ದರೆ ಅವರು ಆಗಲೇ ಅದನ್ನು ತಲುಪಿರುತ್ತಿದ್ದರು. ಸ್ಕಾಟನ ದಿನಚರಿಯ ಕೊನೆಯ ಬರಹ ಮಾರ್ಚ್ 29ರದು. ಅವನ ಮಗ ಪೀಟರನಿಗೆ ಆಗ ಮೂರು ವರ್ಷವೂ ತುಂಬಿರಲಿಲ್ಲ.

ಏಳು ತಿಂಗಳ ಮೇಲೆ ಶೋಧದ ದಂಡು ಹೊರಟಿತು. ಅದರ ಬಂಡಿಗಳನ್ನು ಎಳೆದವು ಭಾರತದಲ್ಲಿ ಪಳಗಿಸಿ ಕಳುಹಿಸಿದ್ದ ಏಳು ಹೇಸರಗತ್ತೆಗಳು. ಲಾಲ್ ಖಾನ್, ಗುಲಾಬ್, ಬೇಗಂ, ರಾಣಿ ಮೊದಲಾದ ಹೆಸರಿನವು. ನವೆಂಬರ್ 12ರಂದು ಹಿಮದಲ್ಲಿ ಹೂತ ಗುಡಾರ ಸಿಕ್ಕಿತು. ಒಳಗೆ ಮೂವರ ದೇಹಗಳೂ ದಿನಚರಿಗಳೂ ಇದ್ದವು. ಕಲ್ಲುಗಳೂ ಅಲ್ಲಿಯೇ ಇದ್ದವು. ಸಾವು ಎದುರಿಗೆ ಬಂದಾಗಲೂ ಅವರು ಅವುಗಳನ್ನು ಎಸೆದಿರಲಿಲ್ಲ. ಇದು ಅವಿವೇಕವೆಂದವರಿದ್ದಾರೆ. ಆದರೆ ಅವರನ್ನು ಕೊಂದದ್ದು ಆ ಭಾರವಲ್ಲ. ಹಸಿವು, ಚಳಿ ಮತ್ತು ಎಣ್ಣೆಯ ಕೊರತೆ.

ಕಲ್ಲಿನಲ್ಲಿ ಚರಿತ್ರೆ ಅಡಗಿರುವುದು ಮಸ್ಕಿಯ ಸೀಮೆಯವರಿಗೆ ಹೊಸ ಸಂಗತಿಯಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅಲ್ಲಿ ಕಂಡ ಬಂಡೆಯ ಶಾಸನದಿಂದ, ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಖಚಿತವಾಯಿತು. ಬಕ್ಲಿ ಬೆಟ್ಟದ ಕಲ್ಲಿನಲ್ಲಿ ಇದ್ದುದು ಅಕ್ಷರವಲ್ಲ, ಎಲೆ. 1914ರಲ್ಲಿ ಸಸ್ಯಶಾಸ್ತ್ರಜ್ಞ ಸೀವರ್ಡನು ಅದನ್ನು ಗ್ಲಾಸಾಪ್ಟೆರಿಸ್ ಎಂದು ಗುರುತಿಸಿದನು. ಇಪ್ಪತ್ತೈದು ಕೋಟಿ ವರ್ಷಗಳಿಗೂ ಹಿಂದೆ ಬೆಳೆದ ಈ ಗಿಡದ ಪಳೆಯುಳಿಕೆಗಳು ಭಾರತ, ಆಫ್ರಿಕಾ, ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕಗಳಲ್ಲಿ ಮೊದಲೇ ಸಿಕ್ಕಿದ್ದವು. ಹಿಮಖಂಡದಲ್ಲಿಯೂ ಒಮ್ಮೆ ಕಾಡಿತ್ತು, ಈ ನೆಲಗಳೆಲ್ಲ ಒಂದೇ ಮಹಾಖಂಡವಾಗಿದ್ದವು ಎಂಬ ವಾದಕ್ಕೆ ಆ ಎಲೆಗಳು ಬಲವಾದ ಸಾಕ್ಷಿಯಾದವು. ಮಧ್ಯಭಾರತದ ಗೊಂಡರ ನಾಡಿನಿಂದ ಬಂದ ಗೊಂಡ್ವಾನಾ ಎಂಬ ಹೆಸರೇ ಆ ಮಹಾಖಂಡಕ್ಕೆ ನಿಂತಿತು. ಮಸ್ಕಿಯ ಬಂಡೆಗಳೂ ಅದರ ಭಾಗವೇ. ರಾಯಚೂರಿನ ಶಕ್ತಿನಗರದಲ್ಲಿ ವಿದ್ಯುತ್ತಿಗಾಗಿ ಉರಿಸುವ ಸಿಂಗರೇಣಿಯ ಕಲ್ಲಿದ್ದಲು ಗ್ಲಾಸಾಪ್ಟೆರಿಸ್ ಬೆಳೆದ ಅಂಥ ಕಾಡುಗಳಿಂದಲೇ ಆದುದು.

ಶೋಧಕ್ಕೆ ಹೋದವರು ಗುಡಾರವನ್ನು ದೇಹಗಳ ಮೇಲೆಯೇ ಇಳಿಸಿ, ಹಿಮದ ದಿಬ್ಬವೊಂದನ್ನು ಕಟ್ಟಿ ಹಿಂದಿರುಗಿದರು. ಕಲ್ಲುಗಳನ್ನೂ ತಂದರು. ಅವು ಲಂಡನ್ನಿನ ನಿಸರ್ಗಚರಿತ್ರೆಯ ವಸ್ತುಸಂಗ್ರಹಾಲಯವನ್ನು ಸೇರಿದವು.