ಎಮಿಲ್ ಜಟೊಪೆಕ್: ಸಣ್ಣ ಓಟದಿಂದ ದೊಡ್ಡ ಓಟಕ್ಕೆ

ಓಟ ಅಂದ ತಕ್ಷಣ ನಮ್ಮ ಕಾಲೇಜಲ್ಲಿ ಎಲ್ಲರ ಬಾಯಿಗೂ ಬರೋ ಹೆಸರು ಉಸೇನ್ ಬೋಲ್ಟ್. ಅದು 9.58 ಸೆಕೆಂಡಲ್ಲಿ ಮುಗಿದುಹೋಗುವ ಓಟ, ಯೋಚನೆ ಮಾಡೋಕೆ ಟೈಮೇ ಇಲ್ಲ. ಆದರೆ ವರ್ಷಗಟ್ಟಲೆ 1500 ಮೀಟರ್, 5 ಕಿ.ಮೀ., 10 ಕಿ.ಮೀ. ಓಡಿದವರು ಮೊದಲ ಸಲ ಹಾಫ್ ಮ್ಯಾರಥಾನ್‌ಗೆ ಅಂತ ನಿಂತಾಗ ಕಾಲಿಗಿಂತ ಜಾಸ್ತಿ ಕೆಲಸ ತಲೆಗೇ ಬೀಳುತ್ತೆ. 21.0975 ಕಿ.ಮೀ. ದೂರಕ್ಕೆ ಎಷ್ಟು ವೇಗದಲ್ಲಿ ಶುರು ಮಾಡಬೇಕು? ಬಿಳಿಗೆರೆ ಕಡೆಯ ನಾವು ನಾಲ್ಕು ಜನ ಗೆಳೆಯರು ಈ ವರ್ಷ ಹಾಫ್ ಮ್ಯಾರಥಾನ್‌ಗೆ ತಯಾರಾಗ್ತಾ ಇದ್ದೀವಿ. ಪೇಸ್ ಬಗ್ಗೆ ಹುಡುಕುತ್ತಾ ಹೋದಾಗ ಪದೇ ಪದೇ ಎದುರಾಗಿದ್ದು ಒಂದೇ ಹೆಸರು: ಎಮಿಲ್ ಜಟೊಪೆಕ್. ನಾವು ಹುಟ್ಟೋಕೆ ಮೊದಲೇ ತೀರಿಹೋದ ಆ ಮನುಷ್ಯನ ಕಥೆ ನಿಮಗೂ ಹೇಳಬೇಕು ಅನ್ನಿಸ್ತು.

ಜಟೊಪೆಕ್ ಹುಟ್ಟಿದ್ದು 1922ರ ಸೆಪ್ಟೆಂಬರ್ 19ರಂದು, ಆಗಿನ ಜೆಕೊಸ್ಲೊವಾಕಿಯಾದ ಕೊಪ್ರಿವ್ನಿತ್ಸೆ ಅನ್ನೋ ಊರಲ್ಲಿ. ಬಡ, ದೊಡ್ಡ ಕುಟುಂಬ. ಹದಿನಾರನೇ ವಯಸ್ಸಿಗೇ ಜ್ಲಿನ್ ಪಟ್ಟಣದ ಶೂ ಕಾರ್ಖಾನೆಗೆ ಕೆಲಸಕ್ಕೆ ಸೇರಿದರು. ಅದು ಯಾವ ಕಾರ್ಖಾನೆ ಗೊತ್ತಾ? ಬಾಟಾ! ನಮ್ಮಲ್ಲಿ ಎಷ್ಟೋ ಮಕ್ಕಳ ಮೊದಲ ಸ್ಕೂಲ್ ಶೂ ಬಾಟಾದ್ದೇ. ಆ ಕಂಪನಿ ಹುಟ್ಟಿದ ಊರೇ ಜ್ಲಿನ್.

1941ರಲ್ಲಿ ಕಾರ್ಖಾನೆಯವರು ಒಂದು ಓಟ ಏರ್ಪಡಿಸಿದರು. ಜಟೊಪೆಕ್‌ಗೆ ಓಡೋಕೆ ಒಂಚೂರೂ ಇಷ್ಟ ಇರಲಿಲ್ಲ. ಮೈಗೆ ಹುಷಾರಿಲ್ಲ ಅಂತ ತಪ್ಪಿಸಿಕೊಳ್ಳೋಕೆ ನೋಡಿದರೆ, ಪರೀಕ್ಷೆ ಮಾಡಿದ ಡಾಕ್ಟರು ಆರೋಗ್ಯ ಚೆನ್ನಾಗಿದೆ ಅಂದುಬಿಟ್ಟರು. ಬೇರೆ ದಾರಿ ಇಲ್ಲದೆ ಓಡಿದರು, ಎರಡನೆಯವರಾಗಿ ಬಂದರು. ಅಲ್ಲಿಂದ ಓಟದ ಹುಚ್ಚು ಹಿಡಿಯಿತು. ಮೂರೇ ವರ್ಷದಲ್ಲಿ, 1944ಕ್ಕೆ, 2000, 3000 ಮತ್ತು 5000 ಮೀಟರ್‌ಗಳ ರಾಷ್ಟ್ರೀಯ ದಾಖಲೆ ಅವರ ಹೆಸರಲ್ಲಿತ್ತು.

ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಸೇರಿದರು. ಅವರ ತರಬೇತಿ ಆ ಕಾಲದವರಿಗೆ ಹುಚ್ಚಾಟದ ಥರ ಕಾಣಿಸ್ತಿತ್ತು. 400 ಮೀಟರ್ ಜೋರಾಗಿ ಓಡೋದು, 200 ಮೀಟರ್ ನಿಧಾನಕ್ಕೆ ಜಾಗ್ ಮಾಡೋದು, ಮತ್ತೆ 400. ಮೊದಮೊದಲು ಇಪ್ಪತ್ತು ಸಲ, ಬರಬರ್ತಾ ನಲವತ್ತು, ಅರವತ್ತು ಸಲ. ಇವತ್ತು ಇಂಟರ್‌ವಲ್ ಟ್ರೈನಿಂಗ್ ಅಂತ ಎಲ್ಲ ಕೋಚ್‌ಗಳೂ ಮಾಡಿಸೋದು ಇದನ್ನೇ. ಇದನ್ನ ಕಂಡುಹಿಡಿದವರು ಅವರಲ್ಲ, ಆದರೆ ಇಷ್ಟು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರು ಅವರೇ. ಸೈನ್ಯದ ಭಾರದ ಬೂಟು ಹಾಕ್ಕೊಂಡು ಕಾಡಲ್ಲಿ, ಹಿಮದಲ್ಲಿ ಓಡ್ತಿದ್ದರು. ಕೆಲಸಕ್ಕೆ ಹೋಗೋ ದಾರಿಯಲ್ಲಿ ಸಾಲಾಗಿ ಪಾಪ್ಲರ್ ಮರಗಳಿದ್ದವಂತೆ. ಮೊದಲ ದಿನ ನಾಲ್ಕನೇ ಮರದವರೆಗೆ ಉಸಿರು ಬಿಗಿಹಿಡಿದು ನಡೆಯೋದು, ಮಾರನೇ ದಿನ ಐದನೇ ಮರ, ಹೀಗೆ ಹೆಚ್ಚಿಸುತ್ತಾ ಹೋಗಿ ಒಂದು ದಿನ ಜ್ಞಾನ ತಪ್ಪಿ ಬಿದ್ದರಂತೆ. (ಉಸಿರಿನ ಈ ಪ್ರಯೋಗ ದಯವಿಟ್ಟು ಯಾರೂ ಮಾಡಬೇಡಿ.)

ಆದರೆ ಮರ ಲೆಕ್ಕ ಹಾಕೋ ಐಡಿಯಾ ನಮಗೆ ಹಿಡಿಸ್ತು. ತಿಪಟೂರು ಸೀಮೆಯಲ್ಲಿ ಟ್ರ್ಯಾಕ್ ಇಲ್ಲದಿದ್ದರೂ ತೆಂಗಿನ ಸಾಲು ಇಲ್ಲದ ಊರಿಲ್ಲ. 30 ಅಡಿಗೊಂದು ಗಿಡ ಇರೋ ತೋಟದಲ್ಲಿ 44 ಅಂತರ ದಾಟಿದರೆ 400 ಮೀಟರ್ ಆಗುತ್ತೆ. ಅದೇ ಲೆಕ್ಕದಲ್ಲಿ ಹಾಫ್ ಮ್ಯಾರಥಾನ್ ಅಂದ್ರೆ 2300ಕ್ಕೂ ಹೆಚ್ಚು ತೆಂಗಿನ ಮರ! ಹೀಗೆ ನೋಡಿದಾಗಲೇ ದೂರದ ಅಂದಾಜು ಸರಿಯಾಗಿ ಸಿಗೋದು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಜಟೊಪೆಕ್‌ಗೆ 10,000 ಮೀಟರ್‌ನಲ್ಲಿ ಚಿನ್ನ, 5000 ಮೀಟರ್‌ನಲ್ಲಿ ಬೆಳ್ಳಿ. ಓಡುವಾಗ ತಲೆ ಒಂದು ಕಡೆ ವಾಲುತ್ತಿತ್ತು, ನಾಲಿಗೆ ಹೊರಗೆ, ಮುಖದಲ್ಲಿ ಸಾಯೋ ಅಷ್ಟು ನೋವು. ನೋಡಿದವರು ಇನ್ನೇನು ಬಿದ್ದೇಬಿಟ್ಟರು ಅಂದ್ಕೊಳ್ತಿದ್ದರು. ಮೇಲ್ಗಡೆ ಅಷ್ಟೆಲ್ಲ ಗಲಾಟೆ ಇದ್ದರೂ ಕಾಲು ಮಾತ್ರ ಗಡಿಯಾರದ ಥರ ನಡೀತಿತ್ತು.

ಅದಕ್ಕೆ ಸಾಕ್ಷಿ 1951ರ ಸೆಪ್ಟೆಂಬರ್ 29. ಸ್ಟಾರಾ ಬೊಲೆಸ್ಲಾವ್ ಅನ್ನೋ ಊರಿನ ಟ್ರ್ಯಾಕ್‌ನಲ್ಲಿ ಅವರು 20 ಕಿ.ಮೀ. ದೂರವನ್ನ 59 ನಿಮಿಷ 51.8 ಸೆಕೆಂಡಲ್ಲಿ ಮುಗಿಸಿದರು. ಒಂದು ಗಂಟೆ ಆಗುವಷ್ಟರಲ್ಲಿ 20,052 ಮೀಟರ್ ದಾಟಿದ್ದರು. ಒಂದು ಗಂಟೆಯಲ್ಲಿ 20 ಕಿ.ಮೀ. ದಾಟಿದ ಮೊದಲ ಮನುಷ್ಯ ಅವರೇ. ಇನ್ನೊಂದು ಕಿಲೋಮೀಟರ್ ಚಿಲ್ಲರೆ ಓಡಿದ್ದರೆ ಅದು ಹಾಫ್ ಮ್ಯಾರಥಾನ್ ಆಗ್ತಿತ್ತು. 400 ಮೀಟರ್ ಸುತ್ತಿಗೆ ಸರಾಸರಿ 71.8 ಸೆಕೆಂಡಿನಂತೆ 50 ಸುತ್ತು. 400 ಮೀಟರ್‌ಗೆ ಅದು ಅವರಿಗೆ ಏನೇನೂ ಅಲ್ಲದ ವೇಗ. ಅದನ್ನ 50 ಸಲ ಬಿಡುವಿಲ್ಲದೆ ಮಾಡೋದರಲ್ಲೇ ಕಷ್ಟ ಇರೋದು.

ಮುಂದಿನ ವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. ಹೊರಡೋ ಮುಂಚೆಯೇ ಒಂದು ಗಂಡಾಂತರ. ಜೊತೆಯ ಓಟಗಾರ ಸ್ಟಾನಿಸ್ಲಾವ್ ಯುಂಗ್‌ವಿರ್ತ್ ಅವರ ತಂದೆ ರಾಜಕೀಯ ಕಾರಣಕ್ಕೆ ಜೈಲಲ್ಲಿದ್ದರು ಅಂತ ಸರ್ಕಾರ ಮಗನನ್ನ ತಂಡದಿಂದ ತಡೆಯಿತು. ಅವನು ಬರದಿದ್ದರೆ ನಾನೂ ಬರಲ್ಲ ಅಂತ ಜಟೊಪೆಕ್ ವಿಮಾನ ಹತ್ತಲೇ ಇಲ್ಲ. ಆಗಿನ ಕಮ್ಯುನಿಸ್ಟ್ ಸರ್ಕಾರದಲ್ಲಿ ಸೈನ್ಯದ ನೌಕರ ಹೀಗೆ ಮಾಡೋದು ಅಂದ್ರೆ ತಮಾಷೆ ಅಲ್ಲ. ಕೊನೆಗೆ ಸರ್ಕಾರವೇ ಬಗ್ಗಿತು, ಇಬ್ಬರೂ ಹೋದರು.

ಜುಲೈ 20ರಂದು 10,000 ಮೀಟರ್ ಚಿನ್ನ. 24ರಂದು 5000 ಮೀಟರ್ ಚಿನ್ನ. ಅದೇ ದಿನ ಅವರ ಹೆಂಡತಿ ಡಾನಾ ಜಾವೆಲಿನ್‌ನಲ್ಲಿ ಚಿನ್ನ ಗೆದ್ದರು. (ಇಬ್ಬರೂ ಹುಟ್ಟಿದ್ದು ಒಂದೇ ವರ್ಷ, ಒಂದೇ ದಿನ!) 27ರಂದು ಮ್ಯಾರಥಾನ್. ಅದುವರೆಗೆ ಜೀವನದಲ್ಲಿ ಒಂದು ಮ್ಯಾರಥಾನನ್ನೂ ಅವರು ಓಡಿರಲಿಲ್ಲ.

ಗೊತ್ತಿಲ್ಲದ ದೂರಕ್ಕೆ ಪೇಸ್ ಹೇಗೆ ಹಿಡಿಯೋದು? ಅವರು ಮಾಡಿದ ಉಪಾಯ ಸರಳ. ಕೆಲವೇ ವಾರಗಳ ಹಿಂದೆ ಮ್ಯಾರಥಾನ್‌ನ ಅತ್ಯುತ್ತಮ ಸಮಯ ಓಡಿದ್ದ ಇಂಗ್ಲೆಂಡಿನ ಜಿಮ್ ಪೀಟರ್ಸ್ ಯಾರು ಅಂತ ಗುರುತಿಟ್ಟುಕೊಂಡು ಅವರ ಹಿಂದೆ ಹೋಗೋದು. ಪೀಟರ್ಸ್ ಆರಂಭದಲ್ಲೇ ಸಿಕ್ಕಾಪಟ್ಟೆ ಜೋರಾಗಿ ಹೋದರು. ಜಟೊಪೆಕ್ ಗಾಬರಿಯಾಗಲಿಲ್ಲ. ಸ್ವೀಡನ್ನಿನ ಯಾನ್ಸನ್ ಜೊತೆ ತಮ್ಮ ಲಯದಲ್ಲೇ ಓಡಿ, 20 ಕಿ.ಮೀ. ಆಗುವ ಮುಂಚೆ ಪೀಟರ್ಸ್‌ರನ್ನ ಮುಟ್ಟಿದರು. ಈ ವೇಗ ಸರಿಯಾಗಿದೆಯಾ ಅಂತ ಓಡ್ತಾನೇ ಕೇಳಿದರಂತೆ. ಸುಸ್ತಾಗಿದ್ದ ಪೀಟರ್ಸ್ ಅದನ್ನ ತೋರಿಸಿಕೊಳ್ಳದೆ, ವೇಗ ಕಡಿಮೆಯಾಯ್ತು ಅಂದರಂತೆ. ಜಟೊಪೆಕ್ ಮುಂದೆ ಹೋದರು. 30 ಕಿ.ಮೀ. ದಾಟಿದ ಮೇಲೆ ಪೀಟರ್ಸ್ ಕಾಲು ಹಿಡಿದುಕೊಂಡು ಓಟ ಬಿಟ್ಟರು. ಜಟೊಪೆಕ್ 2 ಗಂಟೆ 23 ನಿಮಿಷ 3.2 ಸೆಕೆಂಡಿಗೆ ಗೆದ್ದರು. ಎರಡನೆಯವರು ಬಂದದ್ದು ಎರಡೂವರೆ ನಿಮಿಷದ ಮೇಲೆ. ಒಂದೇ ಒಲಿಂಪಿಕ್ಸ್‌ನಲ್ಲಿ ಈ ಮೂರೂ ಓಟ ಗೆದ್ದವರು ಅವರ ನಂತರ ಇವತ್ತಿನವರೆಗೂ ಯಾರೂ ಇಲ್ಲ.

ಈಗ ನಮ್ಮ ಎಂಜಿನಿಯರಿಂಗ್ ಬುದ್ಧಿ. ಅವರ ಸಮಯಗಳನ್ನ ಕಿಲೋಮೀಟರ್ ಲೆಕ್ಕಕ್ಕೆ ಭಾಗಿಸಿ ನೋಡಿದೆವು. ಹೆಲ್ಸಿಂಕಿಯ 5000 ಮೀಟರ್‌ನಲ್ಲಿ ಕಿ.ಮೀ.ಗೆ 2 ನಿಮಿಷ 49 ಸೆಕೆಂಡ್. 10,000ದಲ್ಲಿ 2:56. 1951ರ 20 ಕಿ.ಮೀ.ನಲ್ಲಿ ಹತ್ತಿರ ಹತ್ತಿರ 3:00. ಮ್ಯಾರಥಾನ್‌ನಲ್ಲಿ 3:23. ಅಂದ್ರೆ ಜಗತ್ತಿನ ಶ್ರೇಷ್ಠ ಓಟಗಾರನೂ ದೂರ ಹೆಚ್ಚಾದ ಹಾಗೆ ವೇಗ ಇಳಿಸಿದ್ದಾನೆ. ನಿಧಾನ ಮಾಡೋದು ಸೋಲಲ್ಲ, ಅದೂ ಲೆಕ್ಕದ ಒಂದು ಭಾಗ.

ಪೀಟ್ ರೀಗಲ್ ಅನ್ನೋ ಅಮೆರಿಕದ ಎಂಜಿನಿಯರ್ ಇದಕ್ಕೊಂದು ಸೂತ್ರ ಕೊಟ್ಟಿದ್ದಾರೆ. ಹೊಸ ದೂರವನ್ನ ಹಳೇ ದೂರದಿಂದ ಭಾಗಿಸಿ, ಅದರ ಘಾತ 1.06 ತಗೊಂಡು, ಹಳೇ ಸಮಯಕ್ಕೆ ಗುಣಿಸೋದು. 10 ಕಿ.ಮೀ. ಒಂದು ಗಂಟೆಗೆ ಓಡೋರಿಗೆ ಹಾಫ್ ಮ್ಯಾರಥಾನ್ ಸುಮಾರು 2 ಗಂಟೆ 12 ನಿಮಿಷ ಅಂತ ಬರುತ್ತೆ. ಕಿ.ಮೀ.ಗೆ 6:16. ಹಳೇ ಅಭ್ಯಾಸದಂತೆ ಮೊದಲ 5 ಕಿ.ಮೀ. 6:00ರ ಪೇಸ್‌ನಲ್ಲೇ ಹೋದರೆ ಲಾಭ ಬರೀ 80 ಸೆಕೆಂಡ್. ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಬೇಗ ಖಾಲಿಯಾಗಿ ಕೊನೆಯ 3 ಕಿ.ಮೀ. ನಡೆಯೋ ಹಾಗಾದರೆ, ಕಿ.ಮೀ.ಗೆ ನಾಲ್ಕು ನಿಮಿಷದಷ್ಟು ನಷ್ಟ. 80 ಸೆಕೆಂಡ್ ಉಳಿಸೋಕೆ ಹೋಗಿ 12 ನಿಮಿಷ ಕಳ್ಕೊಂಡ ಹಾಗೆ. ನಮ್ಮೂರ ಉಂಡೆ ಕೊಬ್ಬರಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಬೇಕು, ಮಧ್ಯದಲ್ಲಿ ಅರ್ಜೆಂಟ್ ಮಾಡಿ ಒಡೆದರೆ ಕೊಬ್ಬರಿಯೂ ಇಲ್ಲ, ಕಾಯಿಯೂ ಇಲ್ಲ. ಇದೂ ಹಾಗೇ.

ಮ್ಯಾರಥಾನ್ ನಮ್ಮ ನಾಡಿಗೂ ಹೊಸದಲ್ಲ. ಜಟೊಪೆಕ್‌ಗಿಂತ 32 ವರ್ಷ ಮೊದಲು, 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆ ಮ್ಯಾರಥಾನ್ ಓಡಿ 19ನೆಯವರಾಗಿ ಬಂದಿದ್ದರು. ಆ ಸಲ ದೂರ 42.75 ಕಿ.ಮೀ., ಅವರ ಸಮಯ 2 ಗಂಟೆ 50 ನಿಮಿಷ 45 ಸೆಕೆಂಡ್. ಲೆಕ್ಕ ಹಾಕಿದರೆ ಕಿ.ಮೀ.ಗೆ ನಾಲ್ಕು ನಿಮಿಷ. ಜಿಪಿಎಸ್ ವಾಚ್ ಇಲ್ಲದ ಕಾಲದಲ್ಲಿ!

ಜಟೊಪೆಕ್ 1956ರಲ್ಲಿ ಹರ್ನಿಯಾ ಆಪರೇಷನ್ ಆದ ಸ್ವಲ್ಪ ಸಮಯಕ್ಕೇ ಮೆಲ್ಬರ್ನ್ ಮ್ಯಾರಥಾನ್ ಓಡಿ ಆರನೆಯವರಾದರು. ಆಮೇಲೆ ಓಟ ನಿಲ್ಲಿಸಿದರು. ಆದರೆ ಜೀವನದ ಕಷ್ಟದ ಕಿಲೋಮೀಟರ್‌ಗಳು ಇನ್ನೂ ಬಾಕಿ ಇದ್ದವು. 1968ರಲ್ಲಿ ದೇಶದಲ್ಲಿ ಸ್ವಾತಂತ್ರ್ಯದ ಗಾಳಿ ಬೀಸಿದಾಗ ಅದರ ಪರ ನಿಂತು ಸಹಿ ಹಾಕಿದರು. ಆಗಸ್ಟ್‌ನಲ್ಲಿ ಸೋವಿಯತ್ ಟ್ಯಾಂಕ್‌ಗಳು ಪ್ರಾಗ್‌ಗೆ ನುಗ್ಗಿದಾಗ ಬಹಿರಂಗವಾಗಿ ವಿರೋಧಿಸಿದರು. ಪರಿಣಾಮ: ಕರ್ನಲ್ ಹುದ್ದೆ ಹೋಯ್ತು, ಪಕ್ಷದಿಂದ ಹೊರಗೆ. ವರ್ಷಗಟ್ಟಲೆ ಮನೆಯಿಂದ ದೂರ, ಭೂಮಿ ಕೊರೆಯೋ ಕೆಲಸದ ತಂಡದಲ್ಲಿ ಕೂಲಿ. ಒತ್ತಡ ತಡೆಯಲಾರದೆ ಒಂದು ಹಂತದಲ್ಲಿ ತಮ್ಮ ಹೇಳಿಕೆ ಹಿಂತೆಗೆದುಕೊಂಡರು ಅನ್ನೋದೂ ನಿಜ. ಅದಕ್ಕೆ ಅವರನ್ನ ಅಳೆಯೋ ಯೋಗ್ಯತೆ ಹಾಸ್ಟೆಲ್‌ನಲ್ಲಿ ಕೂತು ಬರೆಯೋ ನಮಗಿಲ್ಲ. 1989ರಲ್ಲಿ ಆಡಳಿತ ಬದಲಾದ ಮೇಲೆ ಅವರ ಗೌರವ ಮರಳಿ ಸಿಕ್ಕಿತು. 2000ನೇ ಇಸವಿಯ ನವೆಂಬರ್‌ನಲ್ಲಿ, 78ನೇ ವಯಸ್ಸಿನಲ್ಲಿ, ಪ್ರಾಗ್‌ನಲ್ಲಿ ತೀರಿಕೊಂಡರು.

ಎಲ್ಲ ಪದಕಗಳಿಗಿಂತ ನಮಗೆ ಇಷ್ಟವಾಗಿದ್ದು ಅವರು ಕೊಟ್ಟುಬಿಟ್ಟ ಪದಕ. ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ ಎಷ್ಟೋ ವಿಶ್ವದಾಖಲೆ ಮಾಡಿದ್ದರೂ ಒಲಿಂಪಿಕ್ ಚಿನ್ನ ಮಾತ್ರ ಸಿಕ್ಕಿರಲಿಲ್ಲ. 1966ರಲ್ಲಿ ಅವರು ಪ್ರಾಗ್‌ನಿಂದ ಹೊರಡುವಾಗ ಜಟೊಪೆಕ್ ಕೈಗೊಂದು ಚಿಕ್ಕ ಪೊಟ್ಟಣ ಇಟ್ಟು ಕಳಿಸಿದರು. ಆಮೇಲೆ ಬಿಚ್ಚಿ ನೋಡಿದರೆ ಒಳಗಿದ್ದದ್ದು ಹೆಲ್ಸಿಂಕಿಯ 10,000 ಮೀಟರ್ ಓಟದ ಚಿನ್ನದ ಪದಕ.