ಸೊನ್ನೆ ಮತ್ತು ಒಂದರಿಂದ ಶುರು ಮಾಡಿದವರು: ಪ್ರೊ. ಆರ್. ನರಸಿಂಹನ್

ಭಾರತದ ವಿಜ್ಞಾನಿಗಳ ಹೆಸರು ಹೇಳಿ ಎಂದರೆ ನಮ್ಮ ಮಕ್ಕಳು ಸಿ. ವಿ. ರಾಮನ್, ಹೋಮಿ ಭಾಭಾ, ಅಬ್ದುಲ್ ಕಲಾಂ ಎಂದು ತಟ್ಟನೆ ಹೇಳುತ್ತಾರೆ. ಅದೇ ಮಕ್ಕಳನ್ನು, ಭಾರತದಲ್ಲೇ ರೂಪುಗೊಂಡ ಮೊದಲ ಕಂಪ್ಯೂಟರನ್ನು ಕಟ್ಟಿದವರು ಯಾರು ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಮಕ್ಕಳೇಕೆ, ನಾವು ಪಾಲಕರು ಕೂಡ ಹಾಗೇ. ಇಲ್ಲಿ ಸಿಂಗಪುರದಲ್ಲಿ ಅಪ್ಪನೋ ಅಮ್ಮನೋ ಕಂಪ್ಯೂಟರ್ ಕೆಲಸದಲ್ಲಿಲ್ಲದ ತರಗತಿ ಹುಡುಕಿದರೂ ಸಿಗುವುದಿಲ್ಲ. ಅನ್ನ ಕೊಡುವ ವಿದ್ಯೆ ನಮ್ಮ ದೇಶಕ್ಕೆ ಬಂದ ದಾರಿಯನ್ನು ನಾವೇ ತಿಳಿದಿಲ್ಲವೆಂದರೆ ಹೇಗೆ? ಅದಕ್ಕಾಗಿ ಈ ಸಲ ಪ್ರೊ. ನರಸಿಂಹನ್ ಅವರ ಬದುಕಿನ ಕಥೆ.

ರಂಗಸ್ವಾಮಿ ನರಸಿಂಹನ್ ಹುಟ್ಟಿದ್ದು 1926ರ ಏಪ್ರಿಲ್ 17ರಂದು, ಮದರಾಸಿನಲ್ಲಿ. ಗಿಂಡಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ದೂರಸಂಪರ್ಕ ವಿಷಯ ಓದಿದರು. ಆಮೇಲೆ ಅಮೆರಿಕಕ್ಕೆ ಹೋಗಿ ಕ್ಯಾಲ್‌ಟೆಕ್‌ನಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಸ್ನಾತಕೋತ್ತರ ಪದವಿ, ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ಇಂಜಿನಿಯರ್ ಆಗಿ ಹೊರಟವರು ಗಣಿತಜ್ಞರಾಗಿ ಹಿಂತಿರುಗಿದರು ಅನ್ನಬಹುದು. ಮುಂದಿನ ಕೆಲಸಕ್ಕೆ ಎರಡೂ ಬೇಕಾದವು.

1954ರಲ್ಲಿ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಈ ಸಂಸ್ಥೆಗೂ ನಮ್ಮ ಕರ್ನಾಟಕಕ್ಕೂ ನಂಟುಂಟು. ಹೋಮಿ ಭಾಭಾ ಅವರು ಇದನ್ನು 1945ರಲ್ಲಿ ಮೊದಲು ಆರಂಭಿಸಿದ್ದು ಬೆಂಗಳೂರಿನಲ್ಲಿ, ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಮಂದಿರದ ಆವರಣದೊಳಗೆ. ಕೆಲವೇ ತಿಂಗಳಲ್ಲಿ ಅದು ಮುಂಬಯಿಗೆ ಹೋಯಿತು.

ಭೌತವಿಜ್ಞಾನದ ಲೆಕ್ಕಗಳಿಗೆ ಕಂಪ್ಯೂಟರ್ ಬೇಕೇ ಬೇಕು ಎನ್ನುವುದು ಭಾಭಾ ಅವರಿಗೆ ಮನವರಿಕೆಯಾಗಿತ್ತು. ಹೊರದೇಶದಿಂದ ತರಿಸುವುದು ಒಂದು ದಾರಿ. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ 1955ರಲ್ಲಿ ಇಂಗ್ಲೆಂಡಿನಿಂದ ಒಂದು ಯಂತ್ರ ತರಿಸಿಕೊಂಡಿತು. ಮುಂಬಯಿಯವರು ಬೇರೆ ದಾರಿ ಹಿಡಿದರು: ನಾವೇ ಕಟ್ಟೋಣ ಎಂದರು. ಆ ಕೆಲಸ 28 ವರ್ಷದ ನರಸಿಂಹನ್ ಅವರ ಹೆಗಲಿಗೆ ಬಿತ್ತು. ಜೊತೆಗಿದ್ದವರು ಬಹುಪಾಲು ಭೌತಶಾಸ್ತ್ರ ಓದಿ ಬಂದ ಎಳೆಯರು. ಇಂಥ ಯಂತ್ರವನ್ನು ಕಟ್ಟಿದ ಅನುಭವ ಯಾರಿಗೂ ಇಲ್ಲ. ಅಮೆರಿಕದ ಪ್ರಿನ್ಸ್‌ಟನ್ ನಗರದಲ್ಲಿ ಫಾನ್ ನಾಯ್ಮನ್ ಅವರ ತಂಡ ಒಂದು ಯಂತ್ರದ ವಿನ್ಯಾಸವನ್ನು ಬಚ್ಚಿಡದೆ ಜಗತ್ತಿಗೆ ಹಂಚಿತ್ತು. ಆ ವರದಿಗಳೇ ಇವರಿಗೆ ಪಠ್ಯಪುಸ್ತಕವಾದವು.

ಮೊದಲು ಒಂದು ಪುಟ್ಟ ಯಂತ್ರ ಕಟ್ಟಿ ನೋಡಿದರು. ಅದು 1956ರಲ್ಲಿ ಕೆಲಸ ಮಾಡಿತು. ಆ ಧೈರ್ಯದ ಮೇಲೆ ದೊಡ್ಡದನ್ನು ಕಟ್ಟಿದರು. ಅದು 1960ರಲ್ಲಿ ಬಳಕೆಗೆ ಸಿದ್ಧವಾಯಿತು. ಪ್ರಧಾನಿ ಜವಾಹರಲಾಲ್ ನೆಹರೂ ಅದಕ್ಕೆ ಟಿಫ್ರಾಕ್ ಎಂದು ಹೆಸರಿಟ್ಟರು. ಹದಿನೆಂಟು ಅಡಿ ಉದ್ದ, ಎಂಟು ಅಡಿ ಎತ್ತರ, ಎರಡೂವರೆ ಅಡಿ ದಪ್ಪದ ಉಕ್ಕಿನ ಚೌಕಟ್ಟು. ಒಳಗೆ ಹಳೆಯ ರೇಡಿಯೋಗಳಲ್ಲಿ ಇರುತ್ತಿದ್ದಂಥ ವಾಲ್ವ್‌ಗಳು 2,700, ಡಯೋಡ್‌ಗಳು 1,700, ರೆಸಿಸ್ಟರ್‌ಗಳು 12,500. ವಾಲ್ವ್ ರೇಡಿಯೋ ಇದ್ದ ಮನೆಯಲ್ಲಿ ಬೆಳೆದ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ. ಐದಾರು ವಾಲ್ವ್ ಇದ್ದ ಪೆಟ್ಟಿಗೆಯೇ ಎಷ್ಟು ಬಿಸಿಯಾಗುತ್ತಿತ್ತು, ಎಷ್ಟು ಸಲ ರಿಪೇರಿಗೆ ಹೋಗುತ್ತಿತ್ತು ಎಂದು ಅವರೇ ಹೇಳುತ್ತಾರೆ. ಇಲ್ಲಿ 2,700 ವಾಲ್ವ್‌ಗಳು ಒಟ್ಟಿಗೇ ಸರಿಯಾಗಿ ನಡೆಯಬೇಕಿತ್ತು!

ಮೆಮೊರಿಗೆ ಅವರು ಆರಿಸಿಕೊಂಡದ್ದು ಆಗಿನ ಕಾಲಕ್ಕೆ ತೀರಾ ಹೊಸದು. ಸಾಸಿವೆ ಕಾಳಿನಂಥ ಫೆರೈಟ್ ಉಂಗುರಗಳ ಮೂಲಕ ಸಣ್ಣ ತಂತಿಗಳನ್ನು ಪೋಣಿಸಿ, ಬಲೆಯ ಹಾಗೆ ಹೆಣೆಯುವ ವಿಧಾನ ಅದು. ಒಂದು ಉಂಗುರ ಒಂದು ಅಂಕಿಯನ್ನು, ಅಂದರೆ ಸೊನ್ನೆ ಅಥವಾ ಒಂದನ್ನು, ಹಿಡಿದಿಡುತ್ತದೆ. ಟಿಫ್ರಾಕ್‌ನ ಮೆಮೊರಿ 40 ಅಂಕಿಗಳ 2,048 ಪದಗಳು. ಗುಣಿಸಿದರೆ 81,920 ಉಂಗುರಗಳಾಯಿತು. ಇಂದಿನ ಲೆಕ್ಕದಲ್ಲಿ ಇದು ಹತ್ತು ಕಿಲೋಬೈಟ್. ಮೊಬೈಲಿನಲ್ಲಿ ತೆಗೆದ ಮೂರು ಮೆಗಾಬೈಟಿನ ಒಂದೇ ಒಂದು ಫೋಟೋ ಇಡಲು ಇಂಥ ಸುಮಾರು 300 ಯಂತ್ರಗಳು ಬೇಕಾಗುತ್ತಿದ್ದವು.

ಇನ್ನು ಅದರೊಡನೆ ಮಾತಾಡುವುದು ಹೇಗೆ? ಇಲ್ಲಿ ಮಕ್ಕಳು ಸ್ವಲ್ಪ ಗಮನವಿಟ್ಟು ಓದಬೇಕು.

ನಮ್ಮ ಎಚ್‌ಡಿಬಿ ಬ್ಲಾಕುಗಳ ಕೆಳಗೆ ಸಾಲಾಗಿ ಅಂಚೆ ಪೆಟ್ಟಿಗೆಗಳು ಇರುತ್ತವಲ್ಲ, ಕಂಪ್ಯೂಟರಿನ ಮೆಮೊರಿಯನ್ನು ಹಾಗೆ ಊಹಿಸಿಕೊಳ್ಳಿ. ಪ್ರತಿ ಪೆಟ್ಟಿಗೆಗೂ ಒಂದು ನಂಬರು. ಎರಡು ಸಂಖ್ಯೆಗಳನ್ನು ಕೂಡಬೇಕಾದರೆ ಯಂತ್ರಕ್ಕೆ ಹೇಳಬೇಕು: 23ನೇ ಪೆಟ್ಟಿಗೆಯಲ್ಲಿ ಇರುವುದನ್ನು ತಾ, 24ನೇ ಪೆಟ್ಟಿಗೆಯಲ್ಲಿ ಇರುವುದನ್ನು ಅದಕ್ಕೆ ಕೂಡಿಸು, ಉತ್ತರವನ್ನು 25ನೇ ಪೆಟ್ಟಿಗೆಯಲ್ಲಿ ಇಡು. ಆದರೆ ಯಂತ್ರಕ್ಕೆ ತಾ, ಕೂಡಿಸು, ಇಡು ಎಂಬ ಮಾತು ಗೊತ್ತಿಲ್ಲ. ಪ್ರತಿ ಕೆಲಸಕ್ಕೂ ಸೊನ್ನೆ ಒಂದುಗಳ ಒಂದೊಂದು ಗುರುತು. ಪೆಟ್ಟಿಗೆಯ ನಂಬರೂ ಹಾಗೆಯೇ, 23 ಅಂದರೆ 10111. ಟಿಫ್ರಾಕ್‌ಗೆ ಪ್ರೋಗ್ರಾಂ ಬರೆಯುವುದೆಂದರೆ ಹೀಗೆ ಸೊನ್ನೆ ಒಂದುಗಳ ಸಾಲುಗಳನ್ನು ಬರೆಯುವುದು. ಇದಕ್ಕೆ ಯಂತ್ರಭಾಷೆ ಎನ್ನುತ್ತಾರೆ.

ಇದರಲ್ಲಿ ಒಂದು ದೊಡ್ಡ ತಲೆನೋವಿದೆ. ಲೆಕ್ಕದ ಸಂಖ್ಯೆಗಳಷ್ಟೇ ಅಲ್ಲ, ಆಜ್ಞೆಗಳು ಕೂಡ ಅದೇ ಪೆಟ್ಟಿಗೆಗಳಲ್ಲಿ ಸಾಲಾಗಿ ಕೂತಿರುತ್ತವೆ. ನಡುವೆ ಒಂದು ಆಜ್ಞೆ ಬಿಟ್ಟುಹೋಯಿತು, ಸೇರಿಸಬೇಕು ಅಂದುಕೊಳ್ಳಿ. ಮುಂದಿನವೆಲ್ಲ ಒಂದೊಂದು ಪೆಟ್ಟಿಗೆ ಮುಂದಕ್ಕೆ ಸರಿಯಬೇಕು. ಆಗ ಇಂಥ ಪೆಟ್ಟಿಗೆಗೆ ಹೋಗು ಎಂದು ಹೇಳಿದ್ದ ಆಜ್ಞೆಗಳೆಲ್ಲ ತಪ್ಪು ವಿಳಾಸವಾಗುತ್ತವೆ. ಒಂದೊಂದನ್ನೂ ಹುಡುಕಿ ತಿದ್ದಬೇಕು. ಈ ಕಷ್ಟಕ್ಕೆ ಕಂಡುಕೊಂಡ ಉಪಾಯವೇ ಅಸೆಂಬ್ಲಿ ಭಾಷೆ. ಸೊನ್ನೆ ಒಂದುಗಳ ಬದಲು ಕೆಲಸಕ್ಕೆ ಒಂದೆರಡು ಅಕ್ಷರದ ಗುರುತು, ಪೆಟ್ಟಿಗೆಗೆ ನಂಬರಿನ ಬದಲು ನಾವಿಟ್ಟ ಹೆಸರು. ನಂಬರು ಹಂಚುವ ಕೂಲಿ ಕೆಲಸವನ್ನು ಯಂತ್ರಕ್ಕೇ ಒಪ್ಪಿಸುವುದು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಡೇವಿಡ್ ವೀಲರ್ ಎಂಬ ವಿದ್ಯಾರ್ಥಿ 1949ರಲ್ಲೇ ಇದರ ಮೊದಲ ಹೆಜ್ಜೆ ಇಟ್ಟಿದ್ದ.

ನಮ್ಮಲ್ಲಿ ಕೆಲವರು 1990ರ ದಶಕದಲ್ಲಿ ಸಿಂಗಪುರಕ್ಕೆ ಬಂದದ್ದೇ ಹಳೆಯ ಮೇನ್‌ಫ್ರೇಮ್ ಪ್ರೋಗ್ರಾಂಗಳಲ್ಲಿ ಎರಡಂಕಿಯ ಇಸವಿಯನ್ನು ನಾಲ್ಕಂಕಿಗೆ ತಿದ್ದುವ ಕೆಲಸಕ್ಕೆ. 2000ನೇ ಇಸವಿ ಬರುತ್ತಲೇ ಲೆಕ್ಕಗಳೆಲ್ಲ ತಪ್ಪುತ್ತವೆ ಎಂಬ ಭಯದ ದಿನಗಳು ಅವು. ಆಗ ನಡುರಾತ್ರಿ ಯಂತ್ರ ಮುನಿಸಿಕೊಂಡರೆ ಕಾಗದದ ಕಟ್ಟಿನಷ್ಟು ಅಂಕಿಗಳನ್ನು ಉಗುಳುತ್ತಿತ್ತು. ಅದರಲ್ಲಿ ತಪ್ಪು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಬಲ್ಲವರು ಅಸೆಂಬ್ಲಿ ಬಲ್ಲ ಒಬ್ಬಿಬ್ಬರು ಹಿರಿಯರು ಮಾತ್ರ. ಅವರ ಮೇಜಿನ ಮುಂದೆ ನಾವು ಕೈಕಟ್ಟಿ ನಿಂತದ್ದು ನೆನಪಿದೆ. ಯಂತ್ರದ ತಳದವರೆಗೂ ಇಳಿದು ನೋಡಿದವರಿಗೆ ಇರುವ ನೆಮ್ಮದಿಯೇ ಬೇರೆ.

ಈಗ ಒಂದು ಕಹಿ ಮಾತನ್ನೂ ಹೇಳಬೇಕು. ಟಿಫ್ರಾಕ್ ಸಿದ್ಧವಾಗುವ ಹೊತ್ತಿಗೆ ಅದರ ಕಾಲ ಮುಗಿಯುತ್ತಾ ಬಂದಿತ್ತು. ಹೊರಗೆ ವಾಲ್ವ್ ಹೋಗಿ ಟ್ರಾನ್ಸಿಸ್ಟರ್ ಬಂದಿತ್ತು. ಸಿಂಗಪುರವನ್ನೇ ನೋಡಿ. ಇಲ್ಲಿನ ಕೇಂದ್ರ ಭವಿಷ್ಯ ನಿಧಿ ಮಂಡಳಿ, ನಾವು ತಿಂಗಳು ತಿಂಗಳೂ ಹಣ ಕಟ್ಟುವ ಸಿಪಿಎಫ್, 1963ರಲ್ಲಿ ಐಬಿಎಂ 1401 ಎಂಬ ಮೇನ್‌ಫ್ರೇಮ್ ತರಿಸಿತು. ಅದು ಟ್ರಾನ್ಸಿಸ್ಟರ್ ಯಂತ್ರ. ಅದರ ಯಂತ್ರಭಾಷೆಯೂ ಸ್ವಲ್ಪ ಸೌಮ್ಯ: ಕೂಡಲು ಇಂಗ್ಲಿಷಿನ ಎ ಅಕ್ಷರ, ಕಳೆಯಲು ಎಸ್, ಕಾರ್ಡ್ ಓದಲು 1, ಒಂದು ಸಾಲು ಮುದ್ರಿಸಲು 2. ಪುಟ್ಟ ಸಿಂಗಪುರ ಹಣ ಕೊಟ್ಟು ಕೊಂಡ ಯಂತ್ರ, ಅಷ್ಟು ದೊಡ್ಡ ಭಾರತ ವರ್ಷಗಟ್ಟಲೆ ಕೂತು ಕಟ್ಟಿದ ಯಂತ್ರಕ್ಕಿಂತ ಹೊಸ ಪೀಳಿಗೆಯದು. ಟಿಫ್ರಾಕ್ ನಾಲ್ಕೈದು ವರ್ಷ ದುಡಿದು ವಿಶ್ರಾಂತಿಗೆ ಹೋಯಿತು. 1964ರಲ್ಲಿ ಮುಂಬಯಿಯ ಸಂಸ್ಥೆಗೂ ಅಮೆರಿಕದ ಸಿಡಿಸಿ 3600 ಎಂಬ ದೊಡ್ಡ ಮೇನ್‌ಫ್ರೇಮ್ ಬಂತು. ಅದಕ್ಕೆ ಕಂಪಾಸ್ ಎಂಬ ಅಸೆಂಬ್ಲಿ ಭಾಷೆಯೂ ಇತ್ತು, ಫೋರ್ಟ್ರಾನ್ ಕೂಡ ಇತ್ತು. ದೇಶದ ಬೇರೆ ಬೇರೆ ವಿಶ್ವವಿದ್ಯಾಲಯಗಳವರು ಅದನ್ನು ಬಳಸಿ ಕಲಿತರು.

ಹಾಗಾದರೆ ಅಷ್ಟೆಲ್ಲ ಶ್ರಮ ದಂಡವೇ? ನಾವು ಇದನ್ನು ನಮ್ಮೊಳಗೇ ವಾದ ಮಾಡಿದ್ದೇವೆ. ಕೊಳ್ಳುವುದೇ ಜಾಣತನ ಎಂದವರೂ ಇದ್ದಾರೆ. ಸಿಂಗಪುರದಂಥ ಊರಿಗೆ ಅದು ಸರಿಯಾಗಿಯೇ ಒಪ್ಪಿತು. ಆದರೆ ಭಾರತದ ಮಟ್ಟಿಗೆ 1978ರಲ್ಲಿ ನಡೆದದ್ದನ್ನು ನೋಡಿದಾಗ ನಮ್ಮ ಮನಸ್ಸು ನರಸಿಂಹನ್ ಅವರ ಕಡೆಗೇ ವಾಲುತ್ತದೆ.

ಅದಕ್ಕೆ ಮುಂಚಿನ ವರ್ಷಗಳನ್ನು ಬೇಗ ಹೇಳಿಬಿಡುತ್ತೇವೆ. 1961ರಿಂದ 1964ರವರೆಗೆ ಅವರು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದರು. ಚಿತ್ರವನ್ನು ಕಂಪ್ಯೂಟರ್ ಅರ್ಥ ಮಾಡಿಕೊಳ್ಳುವುದು ಹೇಗೆ ಎಂಬುದು ಅಲ್ಲಿನ ಸಂಶೋಧನೆ. ವಾಕ್ಯಕ್ಕೆ ವ್ಯಾಕರಣ ಇರುವ ಹಾಗೆ ಚಿತ್ರಕ್ಕೂ ಒಂದು ವ್ಯಾಕರಣವಿದೆ ಎಂದು ಭಾವಿಸಿ ಅವರು ಮಾಡಿದ ಕೆಲಸ ಆ ಕ್ಷೇತ್ರದಲ್ಲಿ ಮೊದಲಿನವುಗಳಲ್ಲಿ ಒಂದು. ಹಿಂತಿರುಗಿ ಬಂದ ಮೇಲೆ 1965ರಲ್ಲಿ ಶುರುವಾದ ಕಂಪ್ಯೂಟರ್ ಸೊಸೈಟಿ ಆಫ್ ಇಂಡಿಯಾಕ್ಕೆ ಮೊದಲ ಅಧ್ಯಕ್ಷರಾದರು. 1977ರಲ್ಲಿ ಪದ್ಮಶ್ರೀ ಬಂತು.

ಆ ದಿನಗಳಲ್ಲಿ ಭಾರತದ ಕಚೇರಿಗಳಲ್ಲಿ ಇದ್ದ ಮೇನ್‌ಫ್ರೇಮ್‌ಗಳಲ್ಲಿ ಬಹಳಷ್ಟು ಐಬಿಎಂ ಕಂಪನಿಯವು, ಅದರಲ್ಲೂ ಸಿಪಿಎಫ್‌ನಲ್ಲಿದ್ದಂಥದ್ದೇ 1401ಗಳು. ವಿದೇಶಿ ಕಂಪನಿಗಳು ಭಾರತದಲ್ಲಿ ತಮ್ಮ ಪಾಲನ್ನು ಶೇಕಡಾ 40ಕ್ಕೆ ಇಳಿಸಬೇಕೆಂಬ ನಿಯಮಕ್ಕೆ ಐಬಿಎಂ ಒಪ್ಪಲಿಲ್ಲ, 1978ರಲ್ಲಿ ದೇಶ ಬಿಟ್ಟು ಹೊರಟಿತು. ಯಂತ್ರಗಳು ಉಳಿದವು. ಆದರೆ ಅವುಗಳನ್ನು ನೋಡಿಕೊಳ್ಳುವವರು ಯಾರು? ಸಂಬಳದ ಪಟ್ಟಿ, ಲೆಕ್ಕಪತ್ರ, ದಾಸ್ತಾನು ಎಲ್ಲವೂ ಅವುಗಳ ಮೇಲೆ ನಿಂತಿದ್ದವು. ಅಂಥ ಹೊತ್ತಿಗೆಂದೇ ಸರ್ಕಾರ 1975ರಲ್ಲಿ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್, ಅಂದರೆ ಸಿಎಂಸಿ ಎಂಬ ಸಂಸ್ಥೆಯನ್ನು ಸ್ಥಾಪಿಸಿತ್ತು. ಅದು ಹುಟ್ಟುವುದಕ್ಕೆ ಮುಖ್ಯ ಕಾರಣರಾದವರಲ್ಲಿ ನರಸಿಂಹನ್ ಒಬ್ಬರು, ಮೊದಲ ಅಧ್ಯಕ್ಷರೂ ಅವರೇ. ತಯಾರಿಸಿದ ಕಂಪನಿಯೇ ಬಿಟ್ಟುಹೋದ ಯಂತ್ರಗಳನ್ನು ಭಾರತದ ಇಂಜಿನಿಯರುಗಳು ನಡೆಸಿಕೊಂಡು ಹೋದರು. ಮುಚ್ಚಳ ತೆಗೆದು ಒಳಗಿನ ಪ್ರತಿ ತಂತಿಯನ್ನೂ ಓದಬಲ್ಲೆವೆಂಬ ಭರವಸೆ ದೇಶದಲ್ಲಿ ಎಲ್ಲೋ ಒಂದು ಕಡೆ ಇದ್ದುದರಿಂದ ಇದು ಆಯಿತು. ಆ ಭರವಸೆ ಮೊದಲು ಹುಟ್ಟಿದ ಜಾಗಗಳಲ್ಲಿ ಟಿಫ್ರಾಕ್‌ನ ಕೋಣೆಯೂ ಒಂದು ಎಂದು ನಾವು ನಂಬುತ್ತೇವೆ.

ಇದೇ ಸಿಎಂಸಿ 1980ರ ದಶಕದಲ್ಲಿ ರೈಲ್ವೆಯ ಟಿಕೆಟ್ ಕಾದಿರಿಸುವ ಕಂಪ್ಯೂಟರ್ ವ್ಯವಸ್ಥೆಯನ್ನೂ ರೂಪಿಸಿತು. ಬೆಂಗಳೂರು ಸಿಟಿ ಸ್ಟೇಷನ್ನಿನಲ್ಲಿ ಬೆಳಗಿನ ಜಾವ ಫಾರಂ ಹಿಡಿದು ಸಾಲು ನಿಂತ ಪಾಲಕರಿಗೆ, ಕೈಬರಹದ ದೊಡ್ಡ ಲೆಡ್ಜರುಗಳು ಹೋಗಿ ಪರದೆ ಬಂದ ಕಾಲ ನೆನಪಿರಬಹುದು.

ಯಂತ್ರಭಾಷೆಯಿಂದ ಹೊರಟ ನರಸಿಂಹನ್ ಅವರನ್ನು ಕೊನೆಗೆ ಹಿಡಿದಿಟ್ಟದ್ದು ಮನುಷ್ಯರ ಭಾಷೆ. ವ್ಯಾಕರಣ ಪುಸ್ತಕ ತೆರೆಯದ ಎರಡು ಮೂರು ವರ್ಷದ ಮಗು ಮಾತು ಕಲಿಯುವುದು ಹೇಗೆ? ಮಕ್ಕಳು ಭಾಷೆ ಕಲಿಯುವ ಬಗೆಯನ್ನು ಅವರು ವರ್ಷಗಟ್ಟಲೆ ಅಧ್ಯಯನ ಮಾಡಿದರು, 1981ರಲ್ಲಿ ಭಾಷಾ ವರ್ತನೆಯ ಮೇಲೆ ಒಂದು ಗ್ರಂಥ ಪ್ರಕಟಿಸಿದರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಹಿಂದಿ, ಹಾಕರ್ ಸೆಂಟರಿನಲ್ಲಿ ನಾಲ್ಕು ಪದ ಮ್ಯಾಂಡರಿನ್ ಆಡುವ ನಮ್ಮ ಮಕ್ಕಳನ್ನು ಕಂಡಿದ್ದರೆ ಅವರು ನೋಟ್‌ಬುಕ್ ತೆಗೆದು ಕೂತುಬಿಡುತ್ತಿದ್ದರೇನೋ.

ಕೊನೆಯ ವರ್ಷಗಳಲ್ಲಿ ಅವರು ಬೆಂಗಳೂರಿನಲ್ಲಿದ್ದರು. 2007ರ ಸೆಪ್ಟೆಂಬರ್ 3ರಂದು, 81ನೇ ವಯಸ್ಸಿನಲ್ಲಿ ತೀರಿಕೊಂಡರು. ಅದಕ್ಕೆ ಮೂರು ವರ್ಷ ಮೊದಲು ಅವರ ಇನ್ನೊಂದು ಪುಸ್ತಕ ಹೊರಬಂದಿತ್ತು. ಅದರ ವಿಷಯ ಕೃತಕ ಬುದ್ಧಿಮತ್ತೆ.